ಕುಕ್ಕರಿನ ನಿವೃತ್ತಿ

ಪೂಜ್ಯ ಅತ್ತೆಯವರಿಗೆ,

ಸಮಸ್ತ ಲೋಕಕ್ಕೂ, ತಾವೀಗ ಇರುವ ಮೇಲಿನ ಲೋಕಕ್ಕೂ ತಿಳಿಯಪಡಿಸುವುದೇನೆಂದರೆ, ನಮ್ಮ ಕಲಬುರಗಿ ಮನೆಯ ಪ್ರೆಶರ್ ಕುಕ್ಕರ್ ನಿನ್ನೆ ಅನ್ನದ ಖಾತೆಯಿಂದ ನಿವೃತ್ತಿ ಹೊಂದಿದೆ. ಬೇಳೆಯ ಖಾತೆಯನ್ನು ಮಾತ್ರ ಉಳಿಸಿಕೊಂಡಿದೆ.

ಕಾರಣ, ನೀವು ನೋಡದ ನಿಮ್ಮ ಮೊಮ್ಮಗಳು ಋಜುತಾ. ಈಗಷ್ಟೇ ಹಲ್ಲು ಮೂಡುತ್ತಿರುವ ಅವಳಿಗೆ ನಾನು ಮೂರು ಹೊತ್ತೂ ಅನ್ನವನ್ನೇ ತಿನ್ನಿಸುತ್ತಿದ್ದೆ. ಜಗತ್ ಸರ್ಕಲ್ಲಿನ ಡಾಕ್ಟರು ತಡೆದರು.

"ಅಕ್ಕಿಯೊಳಗ ಆರ್ಸೆನಿಕ್ ಅನ್ನೋ ವಿಷ ಸ್ವಲ್ಪ ಇರ್ತದರೀ. ಸಣ್ಣ ಕೂಸಿಗೆ ದಿನಾ ಅನ್ನಾನೇ ಬ್ಯಾಡ. ಜ್ವಾಳದ ಗಂಜಿ, ನವಣಿ ಗಂಜಿ ಕೊಡ್ರಿ. ಅನ್ನ ಮಾಡಿದ್ರ ಚಲೋ ತೊಳದು, ಭಾಳ ನೀರಾಗ ಕುದಿಸಿ ಬಸೀರಿ. ಪೂರ್ತಿ ಹೋಗಂಗಿಲ್ಲ, ಕಡಿಮಿ ಆಗ್ತದ."

ನಿಮ್ಮ ಮಗ ಮುಕುಂದರಾಯರು ಅಲ್ಲೇ ನಕ್ಕುಬಿಟ್ಟರು. "ನಮ್ಮ ಆಯಿ ಫೀಸಿಲ್ಲದ ಇದನ್ನೇ ಮಾಡ್ತಿದ್ಲರೀ ಡಾಕ್ಟರ್!"

ನಿಜವೇ. ಕಮಲಾಪುರದಿಂದ ಬಂದಾಗಲೆಲ್ಲ ನೀವು, "ಸೀಟಿ ಹೊಡಿಯೋ ಅನ್ನ ನಾ ಉಣ್ಣಂಗಿಲ್ಲವ್ವಾ" ಎಂದು ಬೇರೆ ಪಾತ್ರೆ ಇಡುತ್ತಿದ್ದಿರಿ. ಆರ್ಸೆನಿಕ್ ನಿಮಗೇನು ಗೊತ್ತು, ಅನ್ನ ಉದುರುದುರಾಗಲಿ ಎಂದು ಬಸಿಯುತ್ತಿದ್ದಿರಿ. ಆ ಹೊತ್ತಿಗೆ ನಾನು ಟೀವಿ ಮುಂದೆ.

ನಿನ್ನೆ, ನೀವು ಮಾಡುತ್ತಿದ್ದ ಹಾಗೆಯೇ ಮಾಡಿದ ಜೋಳದ ಗಂಜಿ ಕುಡಿದು ಕೂಸು ಬಟ್ಟಲನ್ನೂ ನೆಕ್ಕಿತು. ಆ ಶಾಬಾಸಗಿರಿ ನಿಮ್ಮದು, ಕಳಿಸುವ ವಿಳಾಸವಿಲ್ಲ.

ಒಂದು ಸಣ್ಣ ಉಪಕಾರ ಮಾಡಿ. ಬಸಿಯುವಾಗ ನಾನು ಬೆರಳು ಸುಟ್ಟುಕೊಂಡೆ. ಮುಚ್ಚಳವನ್ನು ಯಾವ ಕೈಯಲ್ಲಿ ಒತ್ತಬೇಕು, ಸೆರಗನ್ನು ಎಲ್ಲಿ ಹಿಡಿಯಬೇಕು, ಒಮ್ಮೆ ಕನಸಿನಲ್ಲಿ ಬಂದು ತೋರಿಸಿ. ಈ ಸಲ ನಾನು ಒಲೆಯ ಹತ್ತಿರವೇ ನಿಂತಿರುತ್ತೇನೆ.