ನಾಳೆ ಅಪ್ಪನನ್ನು ಕರೆದುಕೊಂಡು ಬಾ

ಜುಲೈ ೮, ಮಂಗಳವಾರ. ಸಂಜೆ

ಮಕ್ಕಳ ಆರೋಗ್ಯ ತಪಾಸಣಾ ಶಿಬಿರದ ಎರಡನೆಯ ದಿನ. ನಿವೃತ್ತನಾಗಿ ಇಷ್ಟು ವರ್ಷವಾದರೂ ಪೀಣ್ಯದ ಶಾಲೆಯವರು ಸಾಲು ನಿಲ್ಲಿಸುವುದಕ್ಕೆ ನನ್ನನ್ನೇ ಕರೆಯುತ್ತಾರೆ. ಬ್ಯಾನರಿನಲ್ಲಿ ‘ಉಚಿತ ಫ್ರೀ ತಪಾಸಣೆ’ ಎಂದಿತ್ತು. ಎರಡರಲ್ಲಿ ಒಂದನ್ನು ಅಳಿಸಿ ಎಂದೆ. ನಕ್ಕರು. ಅಳಿಸಲಿಲ್ಲ.

ಬೆಳಿಗ್ಗೆ ತೂಕ, ಹಲ್ಲು, ಕಣ್ಣು. ಮಧ್ಯಾಹ್ನ ಕಿವಿ. ಅಂಗಳದಲ್ಲಿ ನಿಂತ ವ್ಯಾನಿನೊಳಗೆ ಮಕ್ಕಳ ತಲೆಗೆ ಹೆಡ್‌ಫೋನ್ ಹಾಕುತ್ತಾರೆ. ಶಬ್ದ ಕೇಳಿದ ಕೂಡಲೇ ಬೆರಳೆತ್ತಬೇಕು. ಎಂಟನೆಯ ತರಗತಿಯ ಶಿವಗಂಗಾ ಬಲಗಿವಿಯ ಶಬ್ದಕ್ಕೆ ತಪ್ಪದೆ ಬೆರಳೆತ್ತಿದಳು. ಎಡಗಿವಿಯದಕ್ಕೆ ಒಮ್ಮೆಯೂ ಎತ್ತಲಿಲ್ಲ. ವೈದ್ಯರು ದೀಪ ಹಿಡಿದು ನೋಡಿದರು. ಕಿವಿಯ ತಮಟೆ ಹರಿದಿದೆ. ಒಣಗಿದ ರಕ್ತ ಇನ್ನೂ ಒಳಗಿದೆ.

“ಸೋಂಕಲ್ಲ ಮೇಷ್ಟ್ರೇ. ಅಂಗೈ ಬಿಡಿಸಿ ಹೊಡೆದ ಏಟು.”

ನರ್ಸ್ ವೇಣಿ ಹುಡುಗಿಯನ್ನು ಪರದೆಯ ಹಿಂದೆ ಕರೆದೊಯ್ದು ಬೆನ್ನು ನೋಡಿ ಬಂದಳು. ಬೆಲ್ಟಿನ ಬಕಲ್ಲು ಕಚ್ಚಿದ ಗುರುತುಗಳಂತೆ. ಹಳೆಯವು, ಹೊಸವು, ಒಂದರ ಮೇಲೊಂದು.

“ಯಾರಮ್ಮ ಹೊಡೆದದ್ದು?”

“ನಮ್ಮಪ್ಪ ರೀ.”

“ಏಕೆ?”

“ಅನ್ನ ತಳಾ ಹಿಡದಿತ್ರಿ.”

ವೇಣಿ ಆಗಲೇ ಮೊಬೈಲು ತೆಗೆದಿದ್ದಳು. “ಸಾರ್, ೧೦೯೮ಕ್ಕೆ ಮಾಡ್ತೀನಿ. ಮಕ್ಕಳ ಸಹಾಯವಾಣಿಯವ್ರು ಬಂದು ನೋಡ್ಕೊಳ್ಳಲಿ. ಇಂಥದ್ರಲ್ಲಿ ಮನೆಯವ್ರಿಗೆ ಮೊದಲು ಹೇಳ್ಬಾರ್ದು, ಅದು ನಮ್ಮ ರೂಲು.”

ಒಂದು ದಿನ ತಡೆ ಎಂದೆ. ತಂದೆಯನ್ನು ಒಂದು ಮಾತೂ ಕೇಳದೆ ಮನೆಗೆ ಜೀಪು ಕಳುಹಿಸುವುದು ಯಾವ ರೀತಿ? ಶಾಲೆಯೆಂದ ಮೇಲೆ ಮೊದಲು ಪೋಷಕರನ್ನು ಕರೆಸಬೇಕು. ಮುಖ್ಯೋಪಾಧ್ಯಾಯರೂ ತಲೆಯಾಡಿಸಿದರು. ಹುಡುಗಿಗೆ ಹೇಳಿದೆ: “ನಾಳೆ ಅಪ್ಪನನ್ನು ಕರೆದುಕೊಂಡು ಬಾ.”

“ಬ್ಯಾಡ್ರಿ ಸರ.”

ಎಲ್ಲ ಮಕ್ಕಳೂ ಹಾಗೆಯೇ ಹೇಳುತ್ತಾರೆ.

ಜುಲೈ ೯, ಬುಧವಾರ

ಬಂದ. ಸಿದ್ರಾಮ. ಯಾದಗಿರಿ ಕಡೆಯವನು; ಇಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಕೆಲಸ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಒಳಗೆ ಬಂದವನೇ ನನ್ನ ಕಾಲು ಮುಟ್ಟಿದ. “ತಪ್ಪಾತ್ರಿ ಸರ. ಸಿಟ್ಟಿನ್ಯಾಗ ಕೈ ಎದ್ದದರಿ. ಇನ್ನ ಮುಟ್ಟಂಗಿಲ್ಲ. ನಿಮ್ಮಂಥಾ ದೊಡ್ಡವ್ರು ಬುದ್ಧಿ ಹೇಳಾಕ ಅದೀರಿ, ಅಷ್ಟ ಸಾಕ್ರಿ.” ಕಣ್ಣಲ್ಲಿ ನೀರು ಬಂದಿತ್ತು. ಶುಕ್ರವಾರ ಕಿವಿಯ ಆಸ್ಪತ್ರೆಗೆ ತಾನೇ ಕರೆತರುವೆನೆಂದ. ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ಹೊರಟ. ಅವಳು ಹಿಂದಿರುಗಿ ನೋಡಲಿಲ್ಲ.

ವೇಣಿ ಕಿಟಕಿಯ ಬಳಿ ನಿಂತಿದ್ದಳು. “ಸಕ್ಕತ್ ಆಕ್ಟಿಂಗ್ ಸಾರ್. ಭುಜ ಹೆಂಗೆ ಹಿಚುಕಿದ ನೋಡಿದ್ರಾ?”

ನಾನು ನೋಡಿರಲಿಲ್ಲ. ಮನುಷ್ಯನಿಗೆ ತಿದ್ದಿಕೊಳ್ಳಲು ಅವಕಾಶ ಕೊಡಬೇಕು ಎಂದೆ. ಮಾತು ಸರಿಯಾಗಿಯೇ ಇತ್ತು.

ಜುಲೈ ೧೪, ಸೋಮವಾರ

ಶುಕ್ರವಾರ ಆಸ್ಪತ್ರೆಗೆ ಬರಲಿಲ್ಲ. ಶನಿವಾರ ಶಾಲೆಗೂ ಇಲ್ಲ, ಇವತ್ತೂ ಇಲ್ಲ. ವೇಣಿ ಫೋನು ಮಾಡಿದರೆ, “ಊರಿಗೆ ಕಳಸೀನ್ರಿ, ಅವರಮ್ಮಗ ಆರಾಮಿಲ್ಲ” ಎಂದನಂತೆ ಸಿದ್ರಾಮ. ಅವರ ಕಡೆ ಅಜ್ಜಿಗೆ ಅಮ್ಮ ಎನ್ನುತ್ತಾರೆ. ಇರಬಹುದು ಎಂದೆ.

ವೇಣಿ ಕೆರಳಿದಳು. “ನೀವು ಅಪ್ಪನ್ನ ಕರ್ಕೊಂಡು ಬಾ ಅಂದ್ರಿ, ಪಾಪ ಕರ್ಕೊಂಡು ಬಂದ್ಲು. ಈಗ ಅವಳ್ನ ಯಾರ್ ಸಾರ್ ಕರ್ಕೊಂಡು ಬರ್ತಾರೆ?” ಎದುರಿಗೇ ೧೦೯೮ಕ್ಕೆ ಕರೆ ಮಾಡಿದಳು. ನಾಳೆ ಬರುತ್ತಾರಂತೆ. ನಾನು ತಡೆಯಲಿಲ್ಲ.

ಜುಲೈ ೧೫, ಮಂಗಳವಾರ. ಬೆಳಿಗ್ಗೆ

ಅವರು ಬರುವ ಮೊದಲು ನಾನೇ ಹೋಗಿ ನೋಡುತ್ತೇನೆ. ದೊಡ್ಡಮುನಿಯಪ್ಪನ ವಠಾರ, ಶಾಲೆಯ ಹಿಂದಿನ ರಸ್ತೆ. ಊಟದ ಹೊತ್ತಿಗೆ ಹಿಂದಿರುಗಬೇಕು.

ಜುಲೈ ೧೮, ಶುಕ್ರವಾರ

ಆಸ್ಪತ್ರೆಯಿಂದ ಬಿಟ್ಟಿದ್ದಾರೆ. ಹುಬ್ಬಿನ ಮೇಲೆ ಹೊಲಿಗೆ. ಎಡಗಣ್ಣು ಇನ್ನೂ ತೆರೆಯದು. ಅಕ್ಷರ ಸಾಲು ಬಿಟ್ಟು ಓಡುತ್ತಿದೆ... ಆದರೂ ಬರೆದಿಡಬೇಕು, ನಡೆದ ಕ್ರಮದಲ್ಲಿಯೇ.

ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ದೊಡ್ಡಮುನಿಯಪ್ಪ ಸಾಲಾಗಿ ಶೀಟಿನ ರೂಮು ಕಟ್ಟಿಸಿದ್ದಾನೆ. ಮುಂದೆ ಮೋರಿ, ಮೋರಿಯ ಮೇಲೆ ಕಲ್ಲುಚಪ್ಪಡಿ. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಸಿದ್ರಾಮನ ಮಗಳು ಊರಿಗೆ ಹೋದದ್ದು ಯಾವಾಗ ಎಂದು ಕೇಳಿದೆ.

“ಯಾವೂರ್ಗೆ? ಒಳ್ಗೇ ಅವ್ಳೆ.”

“ಹೊರಗೆ ಬೀಗ ಹಾಕಿದೆ?”

“ಅವ್ನ್ ಬೀಗ, ಅವ್ನ್ ಮಗ್ಳು. ನಾನು ಬಾಡ್ಗೆ ಕೇಳೋನು ಮೇಷ್ಟ್ರೇ, ನ್ಯಾಯ ಕೇಳೋನಲ್ಲ. ಇಂಗೆಲ್ಲಾ ಪೊಲೀಸು ಗಿಲೀಸು ಅಂತ ತಂದಿಕ್ಬೇಡಿ. ಆಮ್ಯಾಕೆ ನನ್ ರೂಮಿಗೆ ಯಾರ್ ಬತ್ತಾರೆ?”

ಬಾಗಿಲಿಗೆ ಬಾಯಿಟ್ಟು ಹೆಸರು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಒಳಗಿನಿಂದ ಏನೋ ತಗಡಿಗೆ ತಾಗಿದ ಸದ್ದು. ವೇಣಿಗೆ ಫೋನು ಮಾಡಿ, ಮೋರಿಯ ಪಕ್ಕದ ಕಲ್ಲೆತ್ತಿ ಚಿಲಕ ಕಿತ್ತು ಬರುವವರೆಗೂ ಹೊಡೆದೆ. ಮುನಿಯಪ್ಪ ಯಾರಿಗೋ ಕರೆ ಮಾಡುತ್ತ ರಸ್ತೆಯ ಕಡೆ ಹೋದ. ಯಾರಿಗೆಂದು ಆಮೇಲೆ ತಿಳಿಯಿತು.

ಹುಡುಗಿಯ ಬಲಗೈಯನ್ನು ದುಪಟ್ಟಾದಿಂದ ಗ್ಯಾಸ್ ಸಿಲಿಂಡರಿಗೆ ಕಟ್ಟಿದ್ದ. ಎಡಗೈ ಮೊಣಕೈಗಿಂತ ಕೆಳಗೆ, ಮಡಿಚಬಾರದ ಜಾಗದಲ್ಲಿ ಮಡಿಚಿತ್ತು. ತುಟಿ ಸೀಳಿ ಹಲ್ಲು ಕಾಣುತ್ತಿತ್ತು. ಗಂಟು ಬಿಚ್ಚುವಾಗ ಹೇಳಿದಳು: “ಹೊರಗ ಹೇಳಿದ್ದಕ್ಕರಿ.” ನನ್ನನ್ನು ದೂರುವ ದನಿಯಲ್ಲ. ಸುಮ್ಮನೆ ತಿಳಿಸಿದಳು.

ಹೊಸ್ತಿಲಿಗೆ ತರುವಷ್ಟರಲ್ಲಿ ಸಿದ್ರಾಮ ಬಂದ. ಕೆಲಸದ ಎಣ್ಣೆಯಂಗಿ. ಕೈಯಲ್ಲಿ ಕಬ್ಬಿಣದ ಪೈಪು.

“ನನ್ನ ಮನಿ ಬೀಗ ಒಡ್ಯಾಕ ನೀ ಯಾಂವಲೇ ಮುದಿಯಾ? ಕಾಲ್ ಹಿಡದೆ ಅಂತ ಸೊಕ್ಕ ಬಂತೇನು?”

“ಸಿದ್ರಾಮ, ಮೊದಲು ಮಾತಾಡೋಣ” ಎಂದೆ. ಪೈಪು ಹುಬ್ಬಿಗೆ ಬಿತ್ತು. ಸದ್ದು ನನ್ನ ತಲೆಯೊಳಗಿನಿಂದಲೇ ಬಂದಂತಿತ್ತು. ಬಿದ್ದೆ. ಪಕ್ಕೆಗೆ ಒದ್ದ, ಮತ್ತೊಮ್ಮೆ ಒದ್ದ. ಆಮೇಲೆ ಪೈಪು ಎಸೆದು ಮಗಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಅವಳು ಕೂಗಲಿಲ್ಲ. ಅವನೇ ಕೂಗುತ್ತಿದ್ದ. “ಹೇಳ್ತಿ? ಇನ್ನೊಮ್ಮಿ ಹೇಳ್ತಿ?” ಒಂದೊಂದು ಮಾತಿಗೆ ಒಂದೊಂದು ಏಟು. ರೂಮುಗಳ ಬಾಗಿಲುಗಳು ತೆರೆದು ಮುಚ್ಚಿಕೊಂಡವು.

ಗಂಡನಿಗೆ ಹೆದರಿ ಇಷ್ಟು ದಿನ ಬಾಯಿ ಬಿಡದಿದ್ದ ತಾಯಿ ಮಹಾನಂದಾ ಕೆಲಸದಿಂದ ಓಡಿ ಬಂದಳು, ಗಾರ್ಮೆಂಟ್ಸಿನ ಐಡಿ ಕಾರ್ಡು ಕೊರಳಲ್ಲೇ ಇತ್ತು; ವೇಣಿ ತಿಳಿಸಿದ್ದಳಂತೆ. ಒಂದು ಮಾತನ್ನೂ ಆಡದೆ ಒಳಗೆ ಹೋಗಿ ಪ್ರೆಷರ್ ಕುಕ್ಕರ್ ಎತ್ತಿ ತಂದು ಗಂಡನ ಹಿಂದಲೆಗೆ ಹೊಡೆದಳು. ಜಡೆ ಕೈಬಿಟ್ಟ. ಮಂಡಿಯೂರಿದ. ಬೋರಲಾಗಿ ಚಪ್ಪಡಿಯ ಮೇಲೆ ಬಿದ್ದ.

ಇಲ್ಲಿಯವರೆಗಿನದನ್ನು ಯಾರ ಎದುರಿಗಾದರೂ ಓದಬಲ್ಲೆ.

ಅವನು ಎದ್ದೇಳಲು ಕೈಯೂರಿದ್ದ. ಎದ್ದೇಳಲಾರ ಎಂಬುದು ಕಾಣುತ್ತಿತ್ತು. ಶಿವಗಂಗಾ ಬಂದಳು. ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು. ಬಲಗೈಯಲ್ಲಿ ಪೈಪು. ಹೊಡೆದಳು. ಅವನ ಕೈ ಜಾರಿತು. ಮತ್ತೆ ಹೊಡೆದಳು. ಮೊದಲ ಏಟಿಗೂ ಎರಡನೆಯದಕ್ಕೂ ಸದ್ದು ಬೇರೆಯಾಗಿತ್ತು. ಆಮೇಲಿನದು ಒದ್ದೆ ಬಟ್ಟೆ ಒಗೆಯುವ ಸದ್ದು. ನಿಲ್ಲಿಸು ಎಂದು ಕೂಗಬೇಕಿತ್ತು, ಬಾಯಿತುಂಬ ರಕ್ತವಿತ್ತು. ಕೂಗುತ್ತಿದ್ದೆನೆ? ಗೊತ್ತಿಲ್ಲ.

ಮಹಾನಂದಾ ಮಗಳನ್ನು ಹಿಂದಿನಿಂದ ಅಪ್ಪಿ ಹಿಡಿದು ಪೈಪು ಕಿತ್ತುಕೊಂಡಳು. ಆಗ ನನ್ನ ಕಡೆ ನೋಡಿದಳು. ನನ್ನ ಒಂದು ಕಣ್ಣು ತೆರೆದಿರುವುದನ್ನು ನೋಡಿದಳು. ವಠಾರದವರೂ ಸಹಾಯವಾಣಿಯವರೂ ಬಂದಾಗ ಪೈಪು ತಾಯಿಯ ಕೈಯಲ್ಲಿತ್ತು.

ಜುಲೈ ೧೯, ಶನಿವಾರ

ಸಿದ್ರಾಮ ಬೆಳಿಗ್ಗೆ ತೀರಿಕೊಂಡ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಮನೆಗೇ ಬಂದರು. ಸೌಜನ್ಯದ ಮನುಷ್ಯ, ಬೂಟು ಹೊರಗೇ ಬಿಟ್ಟರು. “ಆಯಮ್ಮ ಎಲ್ಲಾ ತಾನೇ ಹೊಡೆದೆ ಅಂತಾಳೆ ಮೇಷ್ಟ್ರೇ. ಕುಕ್ಕರಲ್ಲಿ ಒಂದೇಟು, ಸರಿ, ಮಗಳ ಪ್ರಾಣ ಉಳಿಸೋಕೆ ಅನ್ನಬಹುದು. ಬಿದ್ದೋನ್ಗೆ ಪೈಪಲ್ಲಿ ಹೊಡೆದಿದ್ದಕ್ಕೆ ಏನನ್ನೋಣ? ಮರ್ಡರ್ ಅಂತಾನೇ ಬರಿಬೇಕಾಗುತ್ತೆ. ಕಣ್ಣಾರೆ ಕಂಡೋರು ನೀವೊಬ್ರೇ.”

ತಲೆ ಸುತ್ತುತ್ತಿದೆ ಎಂದೆ. ಸುಳ್ಳಲ್ಲ. ಮಂಗಳವಾರ ನ್ಯಾಯಾಧೀಶರ ಎದುರು ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುತ್ತಾರಂತೆ.

ಹೊರಡುವಾಗ ಕೇಳಿದೆ, ಮಹಾನಂದಾ ಇನ್ನೇನಾದರೂ ಹೇಳಿದಳೇ ಎಂದು. “ಮೇಷ್ಟ್ರು ಆರಾಮದಾರೇನು ಅಂತ ಕೇಳಿದ್ಲು. ಅವರಿಗೆ ಕಣ್ಣು ಸರಿಯಾಗಿ ಕಾಣಂಗಿಲ್ಲ ಅಂತಲೂ ಅಂದ್ಲು.”

ಜುಲೈ ೨೧, ಸೋಮವಾರ

ವೇಣಿಗೆ ಎಲ್ಲವನ್ನೂ ಹೇಳಿದೆ.

“ನಿಜ ಹೇಳ್ಬಿಡಿ ಸಾರ್. ಅವಳಿನ್ನೂ ಮಗು. ಮಕ್ಕಳ ಕಾನೂನೇ ಬೇರೆ. ಬಾಲನ್ಯಾಯ ಬೋರ್ಡಿನೋರು ಕೌನ್ಸೆಲಿಂಗ್ ಕೊಡ್ತಾರೆ, ಓದಿಸ್ತಾರೆ. ತಾಯಿ ಹೊರಗೆ ಬರ್ತಾಳೆ.”

“ಹಾಗೆಯೇ ಆಗುತ್ತದೆಂದು ಖಾತರಿ ಕೊಡುವೆಯಾ?”

“...ಇಲ್ಲ ಸಾರ್.”

ಬಾಲಮಂದಿರಕ್ಕೆ ಹೋದೆವು. ಶಿವಗಂಗಾಳ ತಲೆ ಬೋಳಿಸಿ ಪಟ್ಟಿ ಸುತ್ತಿದ್ದಾರೆ. ಬಲಗಿವಿ ನಮ್ಮ ಕಡೆ ಬರುವಂತೆ ಅಡ್ಡಲಾಗಿ ಕುಳಿತಳು.

“ಅವ್ವ ಎಲ್ಲದಾಳ್ರಿ?”

ಹೇಳಿದೆವು.

“ನಾ ಹೊಡದೀನಿ. ಸರ, ನೀವು ನೋಡೀರಿ. ನಾನ ಹೊಡದೀನಂತ ಹೇಳ್ರಿ. ಅಕಿನ್ನ ಬಿಡಸ್ರಿ.” ವೇಣಿ ಅವಳ ಬಾಯಿ ಮುಚ್ಚಲು ಕೈಯೆತ್ತಿದಳು. ಕೈಯೆತ್ತಿದ್ದೇ ಸಾಕು, ಹುಡುಗಿ ಮುಖವನ್ನು ಭುಜದೊಳಗೆ ಹುದುಗಿಸಿ ಏಟಿಗೆ ಕಾದಳು. ವೇಣಿ ಎದ್ದು ಹೊರಗೆ ಹೋದಳು.

“ಹೇಳ್ತೀರಲ್ರಿ ಸರ?”

ಹೋದ ಸಲ ಅವಳು ಬೇಡವೆಂದಳು, ನಾನು ಕೇಳಲಿಲ್ಲ. ಈಗ ಬೇಕೆನ್ನುತ್ತಿದ್ದಾಳೆ. ಹದಿಮೂರು ವರ್ಷದವಳು ಬೇಕೆಂದಳೆಂದು ಕೊಲೆಯನ್ನು ಅವಳ ಹೆಸರಿಗೆ ಬರೆಸುವುದೆ? ಹಾಗೆ ಬರೆಸಬಾರದೆಂದು ಅವಳ ತಾಯಿಯನ್ನು ಜೈಲಿಗೆ ಕಳುಹಿಸುವುದೆ?

ಜುಲೈ ೨೨, ಮಂಗಳವಾರ. ಬೆಳಿಗ್ಗೆ

ನಿದ್ರೆಯಿಲ್ಲ. ಒಗೆದ ಪಂಚೆ ಉಟ್ಟು ಕುಳಿತಿದ್ದೇನೆ. ಮಹಾನಂದಾಳನ್ನೂ ಇವತ್ತು ಅಲ್ಲಿಗೆ ಕರೆತರುತ್ತಾರಂತೆ. ಎದುರಿಗೇ ನಿಂತು ನನ್ನನ್ನು ನೋಡುತ್ತಾಳೆ.

ಅಲ್ಲಿ ತೊದಲಬಾರದು. ಹೇಳಬೇಕಾದುದನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ‘ಸಿದ್ರಾಮನು ಮಗಳ ತಲೆಯನ್ನು ಬಾಗಿಲಿಗೆ ಅಪ್ಪಳಿಸುತ್ತಿದ್ದಾಗ ಅವನ ಹೆಂಡತಿಯು ಕುಕ್ಕರಿನಿಂದ ಒಮ್ಮೆ ಹೊಡೆದಳು. ಅವನು ಕೆಳಗೆ ಬಿದ್ದನು. ಬಿದ್ದ ಮೇಲೆ ಪೈಪನ್ನು ಕೈಗೆತ್ತಿಕೊಂಡು ಹೊಡೆದವಳು...’