ಮೀನು ವಾಸನೆಯ ಗ್ಲೌಸ್

ನೀರಿನ ಕೆಳಗಿರುವ ನನ್ನ ತಮ್ಮನಿಗೆ,

ನೀನು ಮುಳುಗಿದ ಮೇಲೆ ದೋಣಿಯ ಈ ಅಂಚಿಂದ ಆ ಅಂಚಿಗೆ ಓಡಾಡುತ್ತಿದ್ದೆ. ದೋಣಿಯವರು ರೇಗಿದರು. “ಅಕ್ಕಾ, ಒಂದ್ಕಡೆ ಕೂತ್ಕೊಳ್ಳಿ. ಇಲ್ದಿದ್ರೆ ಅವನ ಹಿಂದೆ ನಾವೂ ಕೆಳಗೆ ಹೋಗ್ತೀವಿ.” ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅರ್ಧಕ್ಕೆ ಶಾಲೆ ಬಿಟ್ಟವಳ ಅಕ್ಷರ, ಮೇಲೆ ಅಲೆ ಬೇರೆ, ಹೊಂದಿಸಿಕೊಂಡು ಓದು.

ನಮ್ಮ ಆಕ್ಟೋಪಸ್‌ಗೆ ದೊಡ್ಡಮ್ಮ ಅಂತ ಹೆಸರಿಟ್ಟವನು ನೀನೇ. ತೋಳು ಚಾಚಿದರೆ ಈ ದೋಣಿಯ ಅಗಲ ಸಾಲದು. ಮತ್ಸ್ಯಾಲಯದ ತೊಟ್ಟಿಯಲ್ಲಿ ನನ್ನ ಕೈಯಿಂದ ಮೀನು ತಿಂದು ಬೆಳೆದವಳು. ಮೊಟ್ಟೆಯಿಡುವ ಕಾಲ ಬಂತು, ಕಡಲಿಗೇ ಬಿಡಿ ಅಂದರು ಮತ್ಸ್ಯಾಲಯದ ಡಾಕ್ಟರು. ನೀನು ಮೊದಲೇ ಮುಳುಗಿ ಬಂಡೆಬಿರುಕೊಂದನ್ನು ನೋಡಿ ಬಂದೆ. “ಬಾಗಿಲಲ್ಲೇ ಏಡಿ ಚಿಪ್ಪಿನ ರಾಶಿ ಇದೆ. ಹಿಂದೆ ಇದ್ದವರು ಚೆನ್ನಾಗಿ ಉಂಡಿದ್ದಾರೆ, ಮನೆ ಪರವಾಗಿಲ್ಲ” ಅಂದೆ. ಇವತ್ತು ಅವಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅಲ್ಲಿಗೇ ಇಳಿದಿದ್ದೀಯ.

ಅವಳ ತೋಳಿನ ಒಂದೊಂದು ಹೀರುಬಟ್ಟಲೂ ನಾಲಿಗೆಯೇ. ಮುಟ್ಟಿದ್ದನ್ನೆಲ್ಲ ರುಚಿ ನೋಡುತ್ತದೆ. ಪೆಟ್ಟಿಗೆ ತೆರೆದಾಗ ಗಾಬರಿಯಾಗದಿರಲಿ ಅಂತ ನಿನ್ನ ಬಲಗೈಗೆ ನನ್ನ ಗ್ಲೌಸ್ ತೊಡಿಸಿದೆ, ಮೀನು ಕೊಡುವಾಗ ಹಾಕುವ, ಸೋಪು ಕಾಣದ ಗ್ಲೌಸ್. ನೀನು ಮೂಗು ಮುಚ್ಚಿಕೊಂಡೆ. “ಎಂಟು ಕೈ ಇದ್ರೂ ಅವಳು ನಿನ್ನಷ್ಟು ಅತಿ ಮಾಡಲ್ಲ ಕಣೇ!”

ಈಗ ಆ ಗ್ಲೌಸಿನದೇ ಯೋಚನೆ. ಗುರುತು ಹಿಡಿದರೆ ಬಿಡುತ್ತಾಳಾ? ಆ ಚಳಿ ಕೊರೆಯುವ ಕತ್ತಲಲ್ಲಿ ಅವಳಿಗೆ ಪರಿಚಯದ್ದು ಅದೊಂದೇ. ಬಿರುಕಿನೊಳಗೆ ಎಳೆದರೆ? ಉಸಿರಿನ ಕೊಳವೆಗೆ ಕೈಹಾಕಿದರೆ? ತೊಟ್ಟಿಯ ಮುಚ್ಚಳವನ್ನು ಮೇಲಿನ ಕಲ್ಲಿನ ಸಮೇತ ಎತ್ತಿದವಳು ಅವಳು. ಹೆದರಿ ಹೆದರಿ ಅಪಾಯವನ್ನು ನಾನೇ ನಿನ್ನ ಕೈಗೆ ತೊಡಿಸಿ ಕಳಿಸಿದೆನಲ್ಲೋ.

ಒಂದೇ ಕಡೆ ಏಳುತ್ತಿದ್ದ ಗುಳ್ಳೆಗಳು ಚದುರಿವೆ. ದೋಣಿಯವರೂ ಎದ್ದು ಅಂಚಿಗೆ ಬಂದಿದ್ದಾರೆ. ನಿನ್ನ ಸೊಂಟದ ಹಗ್ಗ ಬಿಗಿಯಾಗಿದೆ. ಎಳೆಯುತ್ತಿರುವುದು ನೀನಾ, ಅವಳಾ?

ನಿನ್ನನ್ನು ಮೇಲೆಳೆಯುವ ಗಡಿಬಿಡಿಯಲ್ಲಿ ಪೆನ್ನು ಕೈಜಾರಿ ಬಿದ್ದಿತ್ತು, ಈಗ ಸಿಕ್ಕಿತು. ನೀನು ಎದುರಿಗೇ ಕಂಬಳಿ ಹೊದ್ದು ನಡುಗುತ್ತಾ ಕೂತಿದ್ದೀಯ. ಬಲಗೈ ಬರಿದು. ಮಣಿಕಟ್ಟಿನ ಸುತ್ತ ಬಟ್ಟಲಿನ ಗುರುತು, ಬಳೆ ತೊಟ್ಟ ಹಾಗೆ. “ಕೈ ಬಿಡ್ಲೇ ಇಲ್ಲ ಕಣೇ. ಗ್ಲೌಸ್ ಕಳಚ್ದೆ. ಅದನ್ನ ಅವುಚ್ಕೊಂಡು ಒಳಗೆ ಹೋದ್ಲು” ಅಂದೆ.

ಮೊಟ್ಟೆ ಕಾಯುವಾಗ ಅವಳು ಏನೂ ತಿನ್ನುವುದಿಲ್ಲವಂತೆ. ಮರಿ ಹೊರಬಂದ ಮೇಲೆ ಬದುಕುವುದೂ ಇಲ್ಲವಂತೆ. ಇರಲಿ, ಉಣಿಸಿದ ಕೈ ಜೊತೆಗಿರಲಿ.

ನಿನ್ನ ಕೈ ಸದಾ ಬೆಚ್ಚಗಿರಲಿ, ಮಗಾ. ಮೊದಲು ತಲೆ ಒರೆಸಿಕೋ.

ದೋಣಿಯ ಈ ತುದಿಯಿಂದ,
ನಿನ್ನ ಅಕ್ಕ