ಖಾಲಿ ಕೊಳವೆಯ ಪಾಲು

ಮಾರ್ಚ್ 11, ಬುಧವಾರ

ಇದನ್ನು ವರದಿಯಲ್ಲಿ ಬರೆಯದೇ ಬಿಡುವವಳಿದ್ದೆ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಬಣ್ಣ ಸಿಂಪಡಿಸುವ ಕಾರ್ಖಾನೆಯ ಥಿನ್ನರ್ ಆವಿಯಲ್ಲಿ ನೂರಕ್ಕೆ ತೊಂಬತ್ತೇಳು ಪಾಲನ್ನು, ಕಾದ ಕೊಳವೆಯೊಳಗೆ ತುಂಬಿದ ನನ್ನ ಮ್ಯಾಂಗನೀಸ್ ಆಕ್ಸೈಡ್ ಪುಡಿಯೇ ಸುಟ್ಟುಹಾಕುತ್ತದೆ ಎಂದು ಮೂರು ತಿಂಗಳಿಂದ ಬೀಗುತ್ತಿದ್ದೆ. ಮೊನ್ನೆ ನಮ್ಮ ಲ್ಯಾಬಿನ ಫಿಟ್ಟರ್, "ಪುಡಿ ಹಾಕದೆ ಬರೀ ಪೈಪನ್ನೇ ಒಂದ್ಸಲ ಕಾಯಿಸಿ ನೋಡಿದ್ದೀರಾ ಮೇಡಂ?" ಎಂದರು. ನೋಡಿರಲಿಲ್ಲ. ನೋಡಿದರೆ, ಆ ಹಳೆಯ ಉಕ್ಕಿನ ಕೊಳವೆ ತಾನೊಂದೇ ಹನ್ನೊಂದು ಪಾಲು ಸುಟ್ಟಿತ್ತು. ಒಳಗೋಡೆಯ ತುಕ್ಕೂ ಆಕ್ಸೈಡೇ ತಾನೇ! ಇಷ್ಟು ಓದಿದ ನನಗೇ ಹೊಳೆಯಬೇಕಿತ್ತು.

"ಪಾಪ, ಅದೂ ದುಡಿದಿದೆ. ನಿಮ್ಮ ಹೆಸರಿನ ಪಕ್ಕ ಅದರ ಹೆಸರೂ ಹಾಕ್ಬಿಡಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂದು ನಿನ್ನೆ ಇಡೀ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ನನ್ನ ಅಂಕಿ ನಂಬಿ ಕಾರ್ಖಾನೆಯವರು ಆವಿ ಸುಡುವ ಯಂತ್ರ ಕೂರಿಸುತ್ತಾರೆ. ಅಲ್ಲಿ ಸ್ಪ್ರೇ ಗನ್ ಹಿಡಿದು ಉಸಿರಾಡುವವರಲ್ಲಿ ನಮ್ಮಕ್ಕನೂ ಒಬ್ಬಳು.

ಇಂದು ತುಕ್ಕು ಹಿಡಿಯದ ಗಾಜಿನ ಕೊಳವೆಯಲ್ಲಿ ಪುಡಿ ಹಾಕಿ ಮೂರು ಸಲ ಪರೀಕ್ಷೆ ನಡೆಸಿದೆ. ಎಂಬತ್ತಾರು, ಎಂಬತ್ತೈದು, ಮತ್ತೆ ಎಂಬತ್ತಾರು. ವಿಚಿತ್ರವೆಂದರೆ, ತೊಂಬತ್ತೇಳು ಬಂದ ದಿನವೂ ನನ್ನ ಎದೆ ಇಷ್ಟು ಉಬ್ಬಿರಲಿಲ್ಲ. ಇದು ಪೂರ್ತಿ ನನ್ನ ಪುಡಿಯದೇ ಕೆಲಸ.

ಅಕ್ಕನಿಗೆ ಫೋನ್ ಮಾಡಿ, ಸುಡುವುದು ಎಂಬತ್ತಾರೇ ಪಾಲು ಎಂದೆ.

"ಅಂದ್ರೆ ಇನ್ನು ಹದಿನಾಲ್ಕು ನನ್ನ ಮೂಗಿಗೇ ಬಿಟ್ಟೆ ಅನ್ನು!"

"ಹೂಂ ಅಕ್ಕ. ಅದಕ್ಕೇ ಹೇಳ್ತಿರೋದು, ಮಾಸ್ಕ್ ತೆಗೀಬೇಡ."

ಖಾಲಿ ಕೊಳವೆಯ ಅಂಕಿ ಈಗ ವರದಿಯ ಮೊದಲ ಪುಟದಲ್ಲೇ ಇದೆ, ಕೆಳಗೆ ಫಿಟ್ಟರ್ ಹೆಸರಿದೆ. ಕಣ್ಣು ಎಳೆಯುತ್ತಿದೆ. ವರದಿಯನ್ನು ಅಂಚೆಗೆ ಹಾಕುವುದು ಮಾರ್ಚ್ 16, ಸೋಮವಾರ.